ಲೂಟನ್ ಟೌನ್ 2023-24: ಈ ಸೀಸನ್ ಕೈ ತಪ್ಪಿದ್ದು ಯಾವ ದಿನ?

ಟೋಪಿ_ತಂಡ
20 ಮೇ 2024

ನಿನ್ನೆ ಫುಲ್‌ಹ್ಯಾಮ್ ಎದುರು 2-4 ಸೋತು ಲೂಟನ್‌ನ ಸೀಸನ್ ಮುಗಿಯಿತು, ಇಂಗ್ಲಿಷ್ ಫುಟ್‌ಬಾಲ್‌ನ ಅತಿ ಮೇಲಿನ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಇಳಿದೆವು. ನಿಜ ಹೇಳಬೇಕೆಂದರೆ ಹಿಂದಿನ ವಾರ ವೆಸ್ಟ್ ಹ್ಯಾಮ್‌ನಲ್ಲಿ 1-3 ಸೋತಾಗಲೇ ಮುಗಿದಿತ್ತು. ನಿನ್ನೆ ನಾವು ಗೆಲ್ಲಬೇಕಿತ್ತು, ನಮಗಿಂತ ಒಂದು ಸ್ಥಾನ ಮೇಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೋಲಬೇಕಿತ್ತು, ಅದರ ಮೇಲೆ ಗೋಲ್ ಅಂತರದಲ್ಲಿ (ಹೊಡೆದದ್ದರಲ್ಲಿ ಹೊಡೆಸಿಕೊಂಡದ್ದು ಕಳೆದರೆ ಉಳಿಯುವುದು) ಹನ್ನೆರಡರ ಕೊರತೆ ಬೇರೆ ತುಂಬಬೇಕಿತ್ತು. ಆಗದ ಮಾತು. ಆದರೂ ರಾತ್ರಿ ಎಂಟೂವರೆಗೆ ಟಿವಿ ಮುಂದೆ ಕೂತೆ.

38 ಮ್ಯಾಚ್, 6 ಗೆಲುವು, 8 ಡ್ರಾ, 24 ಸೋಲು. 26 ಪಾಯಿಂಟ್, 18ನೇ ಸ್ಥಾನ. ಇಪ್ಪತ್ತು ತಂಡಗಳಲ್ಲಿ ಕೊನೆಯ ಮೂರು ಕೆಳಗಿನ ಲೀಗ್‌ಗೆ ಹೋಗಬೇಕು. 52 ಗೋಲ್ ಹೊಡೆದೆವು, 85 ಹೊಡೆಸಿಕೊಂಡೆವು.

ಇಲ್ಲಿ ಹೆಚ್ಚಿನವರಿಗೆ ಲೂಟನ್ ಅಂದರೆ ಏರ್‌ಪೋರ್ಟ್ ಅಷ್ಟೇ. ನಾನು 2018ರಲ್ಲಿ ಕೆಲಸದ ಮೇಲೆ ಹೋಗಿ ಹದಿನಾಲ್ಕು ತಿಂಗಳು ಆ ಊರಲ್ಲಿ ಇದ್ದೆ. ಬೆರಿ ಪಾರ್ಕ್‌ನಲ್ಲಿ ಬಾಡಿಗೆ ರೂಮು. ನಮ್ಮ ಕಡೆಯ ಸಂತೆ ಬೀದಿಯ ಹಾಗೇ ಇರುತ್ತದೆ ಅಲ್ಲಿ. ಅಂಗಡಿ ಮುಂದೆ ಹಸಿಮೆಣಸಿನಕಾಯಿ, ಕೊತ್ತಂಬರಿ, ಬೇಸಿಗೆ ಬಂದರೆ ಮಾವಿನಹಣ್ಣಿನ ಪೆಟ್ಟಿಗೆಗಳು. ಅದೇ ಬೀದಿಯಿಂದ ತಲೆ ಎತ್ತಿದರೆ ಮನೆಗಳ ಹೆಂಚಿನ ಮೇಲೆ ಸ್ಟೇಡಿಯಂನ ದೀಪದ ಕಂಬಗಳು. ಒಂದು ಮಂಗಳವಾರ ಸಂಜೆ ಟೊಮೆಟೊ ಆರಿಸುತ್ತಾ ನಿಂತಿದ್ದೆ, ಇದ್ದಕ್ಕಿದ್ದಂತೆ ಹಿಂದಿನ ಬೀದಿಯಿಂದ ಹತ್ತು ಸಾವಿರ ಜನರ ಕೂಗು. ಅಂಗಡಿಯವನು ತೂಕ ಹಾಕುವುದನ್ನು ನಿಲ್ಲಿಸಿ, ಗೋಲ್ ಅಂದ. ಅಷ್ಟೇ. ಅವತ್ತಿನಿಂದ ನನ್ನ ತಂಡ ಅದು. ಆಗ ಮೂರನೇ ಡಿವಿಷನ್‌ನಲ್ಲಿತ್ತು. ಆ ಸೀಸನ್ ಲೀಗ್ ಗೆದ್ದು ಮೇಲೆ ಬಂತು.

ಸರಿ, ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ನಮ್ಮನ್ನು ಮುಳುಗಿಸಿದ್ದು ಕೊನೆ ನಿಮಿಷದ ಗೋಲ್‌ಗಳು. ನವೆಂಬರ್ 5, ಲಿವರ್‌ಪೂಲ್. ನಮ್ಮ ಚಾಂಗ್ 80ನೇ ನಿಮಿಷದಲ್ಲಿ ಹೊಡೆದ, 95ನೇ ನಿಮಿಷದಲ್ಲಿ ಅವರ ಲೂಯಿಸ್ ಡಿಯಾಸ್ ಹೆಡರ್ (ತಲೆಯಿಂದ ಹೊಡೆದ ಗೋಲ್), 1-1. ಡಿಸೆಂಬರ್ 5, ಆರ್ಸೆನಲ್. 3-3 ಇದ್ದಿದ್ದು 97ನೇ ನಿಮಿಷದಲ್ಲಿ ಡೆಕ್ಲನ್ ರೈಸ್ ಹೆಡರ್, 3-4. ಆಸ್ಟನ್ ವಿಲ್ಲಾ ಎದುರು 0-2 ಇಂದ 2-2 ಮಾಡಿಕೊಂಡೆವು, 89ನೇ ನಿಮಿಷದಲ್ಲಿ ಅವರ ಡೀನ್ಯ ಹೊಡೆದ. ಸ್ಪರ್ಸ್ (ಟಾಟನ್‌ಹ್ಯಾಮ್) ಮೈದಾನದಲ್ಲಿ 86ನೇ ನಿಮಿಷಕ್ಕೆ ಅವರ ಸೊನ್ ಹೊಡೆದ. ಬೋರ್ನ್‌ಮತ್‌ನಲ್ಲಿ ಮಧ್ಯಂತರಕ್ಕೆ 3-0 ಮುಂದೆ ಇದ್ದು 83ನೇ ನಿಮಿಷಕ್ಕೆ 3-4. ಪ್ರತಿ ಸಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ನಿಮಿಷಗಳು ಇಲ್ಲದಿದ್ದರೆ ನಾವು ಉಳಿಯುತ್ತಿದ್ದೆವು ಅಂತ ನನಗೆ ಅನ್ನಿಸುತ್ತದೆ. ನಿಮಗೆ ಏನನ್ನಿಸುತ್ತದೆ ಹೇಳಿ.


ಗನ್ನರ್_ದಾವಣಗೆರೆ

ಗುರು, ಆ ಆರ್ಸೆನಲ್ ಮ್ಯಾಚ್‌ಗೆ ನಾನು ಹೋಗಿದ್ದೆ. ಆಗ ಲಂಡನ್‌ನಲ್ಲಿದ್ದೆ, ಗೆಳೆಯನ ಹತ್ತಿರ ನಮ್ಮ ಆರ್ಸೆನಲ್ ಅಭಿಮಾನಿಗಳ ಕಡೆಯ (ಅವೇ) ಟಿಕೆಟ್ ಒಂದು ಉಳಿದಿತ್ತು.

ಆ ಸ್ಟೇಡಿಯಂ ಬಾಗಿಲಿನ ಬಗ್ಗೆ ಹೇಳಲೇಬೇಕು. ಓಕ್ ರೋಡ್ ಅಂತ ಒಂದು ಬೀದಿ. ಎರಡೂ ಕಡೆ ಸಾಲು ಮನೆಗಳು, ಬಾಗಿಲ ಮುಂದೆ ಕಸದ ಡಬ್ಬಿ, ಕಿಟಕಿಯಲ್ಲಿ ಪರದೆ. ಆ ಮನೆ ಸಾಲಿನ ಮಧ್ಯದಲ್ಲೇ ಎರಡು ಮನೆ ಇರಬೇಕಾದ ಜಾಗದಲ್ಲಿ ನಮ್ಮ ಗೇಟು. ಮೇಲೆ ಯಾರದ್ದೋ ಬೆಡ್‌ರೂಮು, ಕೆಳಗೆ ನಾವು ಟಿಕೆಟ್ ತೋರಿಸಿ ಒಳಗೆ ನುಗ್ಗುವುದು. ಒಳಗೆ ಹೋದ ತಕ್ಷಣ ಕಬ್ಬಿಣದ ಮೆಟ್ಟಿಲು. ಹತ್ತುತ್ತಾ ಕೆಳಗೆ ನೋಡಿದರೆ ಮನೆಗಳ ಹಿತ್ತಲು. ಒಂದು ಹಿತ್ತಲಲ್ಲಿ ಮಗುವಿನ ಸೈಕಲ್ ಬಿದ್ದಿತ್ತು, ಇನ್ನೊಂದರಲ್ಲಿ ಆ ಚಳಿಯಲ್ಲೂ ಬಟ್ಟೆ ಒಣಗಲು ಹಾಕಿದ್ದರು. ನಮ್ಮ ಆರ್ಸೆನಲ್‌ನ ದೊಡ್ಡ ಸ್ಟೇಡಿಯಂ ಎಮಿರೇಟ್ಸ್‌ಗೆ ಹೋಗಿ ಅಭ್ಯಾಸ ಆದ ನನಗೆ ಇದು ಬೇರೆ ಲೋಕ. ಜಗತ್ತಿನ ಅತಿ ದೊಡ್ಡ ಲೀಗ್‌ನ ಮ್ಯಾಚ್ ನೋಡಲು ಯಾರದ್ದೋ ಹಿತ್ತಲು ದಾಟಿ ಹೋಗಿದ್ದೆ ನಾನು.

ಮ್ಯಾಚ್ ಅಂತೂ ಜೀವ ಬಾಯಿಗೆ ಬರಿಸಿತು. ಅವರ ಒಂದೊಂದು ಕಾರ್ನರ್‌ಗೂ ನಮ್ಮವರು ನಡುಗುತ್ತಿದ್ದರು. ಒಶೊ ಒಂದು ಹೆಡರ್, ಅಡೆಬಾಯೊ ಒಂದು ಹೆಡರ್, ಆಮೇಲೆ ಬಾರ್ಕ್ಲಿ ಹೊಡೆದದ್ದು ನಮ್ಮ ಗೋಲ್‌ಕೀಪರ್ ರಾಯನ ಕೆಳಗಿಂದ ನುಸುಳಿ ಹೋಯಿತು. 3-2 ಅವರು ಮುಂದೆ. ನಮ್ಮ ಪಕ್ಕದ ಸ್ಟ್ಯಾಂಡ್‌ನಲ್ಲಿ ಜನ ಬೆಂಚು ಮೇಲೆ ಹತ್ತಿದ್ದರು. ರೈಸ್ ಗೋಲ್ ಆದಾಗ ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ಆದರೆ ವಿಸಿಲ್ ಆದ ಮೇಲೆ ಆ ಕಡೆ ನೋಡಿದೆ. ಯಾರೂ ಎದ್ದು ಹೋಗಿರಲಿಲ್ಲ. ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.


ಆಸ್ಟಿನ್‌ಟೌನ್_ಎಡಗಾಲು

ಕೊನೆ ನಿಮಿಷ ಎಲ್ಲ ಆಮೇಲೆ ಸಾರ್, ಮೊದಲು ದುಡ್ಡು ನೋಡಿ. ಈ ಸೀಸನ್ ಮೇಲೆ ಬಂದ ಮೂರೂ ತಂಡ ಕೆಳಗೆ ಹೋದವು. ಬರ್ನ್ಲಿ 24, ಶೆಫೀಲ್ಡ್ ಯುನೈಟೆಡ್ 16, ನೀವು 26. ಮೂರೂ ಒಟ್ಟಿಗೆ ಹೋಗಿದ್ದು 1997-98ರ ನಂತರ ಇದೇ ಮೊದಲು. ಆಗ ಬೋಲ್ಟನ್, ಬಾರ್ನ್ಸ್ಲಿ, ಕ್ರಿಸ್ಟಲ್ ಪ್ಯಾಲೆಸ್. ಮೇಲಿನ ಲೀಗ್‌ಗೂ ಕೆಳಗಿನ ಲೀಗ್‌ಗೂ ನಡುವೆ ಇರುವ ಕಂದಕ ಅಷ್ಟು ಆಳ ಆಗಿದೆ.

ಲೂಟನ್ ಆ ಕಡೆ ದುಡ್ಡೇ ಸುರಿಯಲಿಲ್ಲ. ಬಾರ್ಕ್ಲಿ ಫ್ರೀ (ಹಳೆ ಕ್ಲಬ್‌ಗೆ ದುಡ್ಡು ಕೊಡದೆ ತಂದದ್ದು), ಓಗ್ಬೆನೆ ಫ್ರೀ, ಟೌನ್ಸೆಂಡ್ ಫ್ರೀ, ಕಬೋರೆ ಮ್ಯಾಂಚೆಸ್ಟರ್ ಸಿಟಿಯಿಂದ ಲೋನ್ (ಎರವಲು), ಲೊಕೊಂಗ ಆರ್ಸೆನಲ್‌ನಿಂದ ಲೋನ್. ಕೊನೆಗೆ ಬಂದ ತಂಡಕ್ಕೂ ಈ ಲೀಗ್‌ನಲ್ಲಿ ನೂರು ಮಿಲಿಯನ್ ಪೌಂಡ್‌ಗೂ ಜಾಸ್ತಿ ಬರುತ್ತದೆ. ಅದರಲ್ಲಿ ಇಬ್ಬರು ಒಳ್ಳೆ ಡಿಫೆಂಡರ್ ತರಬಹುದಿತ್ತು ಅಲ್ವಾ?

ನಾನು ಬೈಯುತ್ತಿಲ್ಲ. ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಗೆರೆಯ ಪಕ್ಕ ನಿಂತು ಮ್ಯಾಚ್ ನೋಡಿ ಬೆಳೆದವನು ನಾನು. ಆಟಗಾರ ಉಸಿರು ಬಿಡುವುದು ಕೇಳಿಸಬೇಕು, ಅದೇ ಫುಟ್‌ಬಾಲ್. ಲೂಟನ್‌ನ ಆ ಮೈದಾನ ಟಿವಿಯಲ್ಲಿ ಕಂಡಾಗಲೆಲ್ಲ ಇಷ್ಟ ಆಗುತ್ತಿತ್ತು. ಅದಕ್ಕೇ ಈ ಹೊಟ್ಟೆ ಉರಿ.


ಟೋಪಿ_ತಂಡ

ಎಡಗಾಲು, ದುಡ್ಡಿನ ಮಾತಿಗೆ ಉತ್ತರ ಈ ಕ್ಲಬ್‌ನ ಹಳೆ ಕತೆಯಲ್ಲಿದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1991-92ರಲ್ಲಿ ಲೂಟನ್ ಮೊದಲ ಡಿವಿಷನ್‌ನಲ್ಲಿತ್ತು. ಮುಂದಿನ ವರ್ಷ ಪ್ರೀಮಿಯರ್ ಲೀಗ್ ಶುರು. ಕೊನೆ ದಿನ ನಾಟ್ಸ್ ಕೌಂಟಿ ಹತ್ತಿರ ಸೋತು ಕೆಳಗೆ ಹೋಯಿತು. ಟಿವಿ ದುಡ್ಡು ಹರಿಯುವ ಬಾಗಿಲು ತೆರೆಯುವ ಹೊತ್ತಿಗೆ ನಾವು ಹೊರಗೆ. ಆಮೇಲೆ ಕೆಟ್ಟ ಮಾಲೀಕರು, ಸಾಲ, ದಿವಾಳಿ. 2008-09ರಲ್ಲಿ 30 ಪಾಯಿಂಟ್ ಕಡಿತ. ಹತ್ತು ಫುಟ್‌ಬಾಲ್ ಅಸೋಸಿಯೇಷನ್, ಇಪ್ಪತ್ತು ಫುಟ್‌ಬಾಲ್ ಲೀಗ್. ತಪ್ಪು ಮಾಡಿದವರು ಆಗಲೇ ಹೊರಟು ಹೋಗಿದ್ದರು. ಕ್ಲಬ್ ಕೈಗೆ ತೆಗೆದುಕೊಂಡಿದ್ದು ಅದರ ಅಭಿಮಾನಿಗಳೇ ಸೇರಿ ಕಟ್ಟಿದ ಗುಂಪು. ಮೈನಸ್ ಮೂವತ್ತರಿಂದ ಸೀಸನ್ ಶುರು ಮಾಡಿ, 56 ಪಾಯಿಂಟ್ ದುಡಿದು, ಕೊನೆಗೆ ಟೇಬಲ್‌ನಲ್ಲಿ ಉಳಿದದ್ದು 26. ಹೌದು, ಈ ವರ್ಷದ ಅಂಕಿಯೇ. ನಿನ್ನೆ ರಾತ್ರಿ ಆ ಎರಡು 26 ನೋಡಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಲೀಗ್‌ನಿಂದಲೇ ಹೊರಬಿದ್ದು ಐದು ವರ್ಷ ಐದನೇ ಹಂತದಲ್ಲಿ ಆಡಿದರು. 2014ರಲ್ಲಿ ವಾಪಸ್ ಬಂದರು. ಆ ಐದನೇ ಹಂತದಲ್ಲಿ ಆಡುತ್ತಿದ್ದ ಪೆಲ್ಲಿ ರಡಕ್ ಎಂಪಾಂಜು ಎಂಬ ಹುಡುಗ ಅದೇ ಅಂಗಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ. ಒಂದೇ ಕ್ಲಬ್ ಜೊತೆ ಅಷ್ಟು ದೂರ ಬಂದವನು ಅವನೇ ಮೊದಲು.

ಹೀಗೆ ಒಮ್ಮೆ ಬೀದಿಗೆ ಬಿದ್ದ ಮನೆಯವರು ಸಾಲ ಮಾಡಿ ಹಬ್ಬ ಮಾಡುವುದಿಲ್ಲ. ಆ ದುಡ್ಡು ಲೂಟನ್‌ನ ಪವರ್ ಕೋರ್ಟ್ ಎಂಬ ಜಾಗದಲ್ಲಿ ಹೊಸ ಸ್ಟೇಡಿಯಂ ಕಟ್ಟಲು ಅಂತ ಇಟ್ಟಿದ್ದಾರೆ. 1905ರಿಂದ ಅದೇ ಕೆನಿಲ್ವರ್ತ್ ರೋಡ್ ಸ್ಟೇಡಿಯಂ, ಹನ್ನೆರಡು ಸಾವಿರ ಜನಕ್ಕೂ ಜಾಗ ಇಲ್ಲ. ಆಗಸ್ಟ್‌ನಲ್ಲಿ ಒಂದು ಸ್ಟ್ಯಾಂಡ್ ರಿಪೇರಿ ಮುಗಿಯದೆ ಬರ್ನ್ಲಿ ಎದುರಿನ ಮೊದಲ ಮನೆ ಮ್ಯಾಚೇ ಮುಂದಕ್ಕೆ ಹೋಯಿತು. ನಾನು ಅವರ ಜಾಗದಲ್ಲಿದ್ದರೂ ಇದನ್ನೇ ಮಾಡುತ್ತಿದ್ದೆ.


ನಡುರಾತ್ರಿ_ಕಾಫಿ

30 ಪಾಯಿಂಟ್ ಅಂದಿರಲ್ಲ, ಅದೇ ನನಗೆ ತಡೆಯೋಕೆ ಆಗುತ್ತಿಲ್ಲ. ಈ ಸೀಸನ್ ಎವರ್ಟನ್‌ಗೆ ಮೊದಲು 10 ಕಡಿತ, ಅಪೀಲ್ ಮಾಡಿದ ಮೇಲೆ 6, ಮತ್ತೆ ಏಪ್ರಿಲ್‌ನಲ್ಲಿ 2. ಫಾರೆಸ್ಟ್‌ಗೆ 4. ನಿಯಮ ಮೀರಿ ಖರ್ಚು ಮಾಡಿದ ಎರಡೂ ತಂಡ ಉಳಿದವು. ಕಾಸಿಗೆ ಕಾಸು ಲೆಕ್ಕ ಇಟ್ಟು ನಡೆದ ಲೂಟನ್ ಹೋಯಿತು. ಇದು ಯಾವ ನ್ಯಾಯ?


ಕೂಡಿಕಳೆದು

ಕಾಫಿ ಅವರೇ, ಸಿಟ್ಟು ಅರ್ಥ ಆಗುತ್ತದೆ. ಆದರೆ ಫಾರೆಸ್ಟ್ ಕಡಿತ ಆದ ಮೇಲೂ 32ರಲ್ಲಿ ಮುಗಿಸಿತು, ಎವರ್ಟನ್ 40. ನಾವು 26. ಫಾರೆಸ್ಟ್‌ಗೆ ಇನ್ನೂ ಆರು ಕಡಿಮೆ ಮಾಡಿದ್ದರೂ ಗೋಲ್ ಅಂತರದಲ್ಲಿ ಅವರೇ ಮೇಲೆ ಇರುತ್ತಿದ್ದರು. ಮಾರ್ಚ್ 18ಕ್ಕೆ ಫಾರೆಸ್ಟ್‌ನ ನಾಲ್ಕು ಪಾಯಿಂಟ್ ಹೋದಾಗ ನಾವು 22, ಅವರು 21. ನಾವು 17ನೇ ಸ್ಥಾನಕ್ಕೆ ಬಂದಿದ್ದೆವು. ಬಾಗಿಲು ತೆರೆದೇ ಇತ್ತು. ಅಲ್ಲಿಂದ ಒಂಬತ್ತು ಮ್ಯಾಚ್‌ನಲ್ಲಿ ನಾವು ದುಡಿದದ್ದು ನಾಲ್ಕೇ ಪಾಯಿಂಟ್.

ಟೋಪಿ ಅವರೇ, ನಿಮ್ಮ ಕೊನೆ ನಿಮಿಷದ ವಾದವನ್ನೂ ನಾನು ಒಪ್ಪುವುದಿಲ್ಲ. ಕೊನೆ ನಿಮಿಷ ನಮ್ಮಿಂದ ಕಿತ್ತುಕೊಂಡದ್ದು ಮಾತ್ರ ನಿಮಗೆ ನೆನಪಿದೆ, ಕೊಟ್ಟದ್ದು ಮರೆತಿದ್ದೀರಿ. ನೋವು ಹಾಗೇ ತಾನೇ. ಕೂತು ಲೆಕ್ಕ ಹಾಕಿದೆ. ಗೆಲುವಿಗೆ ಮೂರು ಪಾಯಿಂಟ್, ಡ್ರಾಗೆ ಒಂದು.

ಹೋದದ್ದು: ಲಿವರ್‌ಪೂಲ್‌ನಿಂದ ಎರಡು ಪಾಯಿಂಟ್. ಆರ್ಸೆನಲ್, ವಿಲ್ಲಾ, ಸ್ಪರ್ಸ್, ಬೋರ್ನ್‌ಮತ್ ತಲಾ ಒಂದು. ಅಕ್ಟೋಬರ್‌ನಲ್ಲಿ ಬರ್ನ್ಲಿ ಎದುರು 84ಕ್ಕೆ ಸಮ ಮಾಡಿ 85ಕ್ಕೇ ಮತ್ತೆ ಬಿಟ್ಟುಕೊಟ್ಟೆವಲ್ಲ, ಅದೊಂದು. ಒಟ್ಟು ಏಳು.

ಬಂದದ್ದು ನೋಡಿ. ಅಕ್ಟೋಬರ್‌ನಲ್ಲಿ ಫಾರೆಸ್ಟ್‌ನಲ್ಲಿ 0-2 ಇದ್ದಿದ್ದು 83ಕ್ಕೆ ಓಗ್ಬೆನೆ, 92ಕ್ಕೆ ಅಡೆಬಾಯೊ, ಒಂದು ಪಾಯಿಂಟ್. ಜನವರಿಯಲ್ಲಿ ಬರ್ನ್ಲಿಯಲ್ಲಿ 92ಕ್ಕೆ ಮಾರಿಸ್, ಒಂದು. ಮಾರ್ಚ್‌ನಲ್ಲಿ ಪ್ಯಾಲೆಸ್‌ನಲ್ಲಿ 96ಕ್ಕೆ ವುಡ್ರೊ, ಒಂದು. ಅದರ ಮುಂದಿನ ವಾರ ಫಾರೆಸ್ಟ್ ಎದುರು 89ಕ್ಕೆ ಬೆರಿ, ಒಂದು. ಏಪ್ರಿಲ್‌ನಲ್ಲಿ ಬೋರ್ನ್‌ಮತ್ ಎದುರು 90ಕ್ಕೆ ಮಾರಿಸ್, ಡ್ರಾ ಗೆಲುವಾಯಿತು, ಎರಡು. ನವೆಂಬರ್‌ನಲ್ಲಿ ಪ್ಯಾಲೆಸ್ ಎದುರು 83ಕ್ಕೆ ಜೇಕಬ್ ಬ್ರೌನ್, ಅದೂ ಎರಡು. ಎಂಟು ಆಯಿತು. ಬಾಕ್ಸಿಂಗ್ ಡೇ (ಡಿಸೆಂಬರ್ 26) ದಿನ ಶೆಫೀಲ್ಡ್‌ನಲ್ಲಿ ಅವರೇ 77ಕ್ಕೆ, 81ಕ್ಕೆ ತಮ್ಮ ಗೋಲಿಗೇ ಹೊಡೆದುಕೊಂಡು ನಮಗೆ ಗೆಲುವು ಕೊಟ್ಟರು, ಅದನ್ನು ಸೇರಿಸಲೇ ಇಲ್ಲ ನಾನು.

ಈಗ ಹೇಳಿ, ಕೊನೆ ನಿಮಿಷ ನಮಗೆ ಶತ್ರುವಾ?


ಟೋಪಿ_ತಂಡ

ಎರಡು ಸಲ ಓದಿದೆ. ಸುಮ್ಮನಾದೆ. ನಿಮ್ಮ ಲೆಕ್ಕ ಸರಿ ಇದೆ. ಹಾಗಾದರೆ ಎಲ್ಲಿ ಹೋಯಿತು?


ಕೂಡಿಕಳೆದು

ಫೆಬ್ರವರಿ 3ಕ್ಕೆ ಗೆರೆ ಎಳೆಯಿರಿ. ನ್ಯೂಕಾಸಲ್‌ನಲ್ಲಿ 4-4 ಆದ ದಿನ. ಅಲ್ಲಿಯವರೆಗೆ 22 ಮ್ಯಾಚ್, 20 ಪಾಯಿಂಟ್. ಅಲ್ಲಿಂದ ಮುಂದೆ 16 ಮ್ಯಾಚ್, 6 ಪಾಯಿಂಟ್. ಮೊದಲ 22ರಲ್ಲಿ ಹೊಡೆಸಿಕೊಂಡ ಗೋಲ್ 42. ಕೊನೆ 16ರಲ್ಲಿ 43! ಆರು ಮ್ಯಾಚ್ ಕಡಿಮೆ ಆಡಿ ಒಂದು ಗೋಲ್ ಜಾಸ್ತಿ. ಇಡೀ ಸೀಸನ್‌ನಲ್ಲಿ ಗೋಲ್ ಬಿಡದ ಮ್ಯಾಚ್ ಎರಡೇ ಎರಡು. ಡಿಸೆಂಬರ್ 23ಕ್ಕೆ ನ್ಯೂಕಾಸಲ್ ಎದುರು ಟೌನ್ಸೆಂಡ್ ಹೆಡರ್‌ನಿಂದ 1-0, ಜನವರಿ 30ಕ್ಕೆ ಬ್ರೈಟನ್ ಎದುರು 4-0.

ಆ ಬ್ರೈಟನ್ ಮ್ಯಾಚ್‌ನಲ್ಲಿ ಮೊದಲ ಗೋಲ್ 18 ಸೆಕೆಂಡ್‌ಗೆ, ಮೂರನೇ ನಿಮಿಷಕ್ಕೆ ಎರಡನೆಯದು, ಅಡೆಬಾಯೊ ಹ್ಯಾಟ್ರಿಕ್. ನಾಲ್ಕು ದಿನ ಆದ ಮೇಲೆ ನ್ಯೂಕಾಸಲ್‌ನಲ್ಲಿ ನಾಲ್ಕು ಗೋಲ್. ಆ ವಾರ ನಾವು ಯಾರನ್ನು ಬೇಕಾದರೂ ಹೊಡೆಯಬಹುದು ಅನ್ನಿಸುತ್ತಿತ್ತು. ಅದರ ಮುಂದಿನ ಶನಿವಾರ ಮನೆಯಲ್ಲಿ ಶೆಫೀಲ್ಡ್ ಯುನೈಟೆಡ್. ಅವರು ಕಟ್ಟಕಡೆಯವರು, 23 ಮ್ಯಾಚ್ ಆಡಿ ಹತ್ತೇ ಪಾಯಿಂಟ್. ನಾವು 1-3 ಸೋತೆವು. ಯಾವ ದಿನ ಅಂತ ಕೇಳಿದಿರಿ, ನನ್ನ ಉತ್ತರ ಫೆಬ್ರವರಿ 10.


ಬೆಡ್‌ಫರ್ಡ್_ಕನ್ನಡಿಗ

ಫೆಬ್ರವರಿ 10ಕ್ಕೆ ನಾನು ಕ್ರೀಡಾಂಗಣದಲ್ಲೇ ಇದ್ದೆ. ಆಫೀಸಿನ ಹಿರಿಯರೊಬ್ಬರಿಗೆ ಹುಷಾರಿರಲಿಲ್ಲ, ಅವರ ಮತ್ತು ಅವರ ಮಗನ ಸೀಟಿಗೆ ನನ್ನನ್ನೂ ನನ್ನ ಮಗನನ್ನೂ ಕಳಿಸಿದರು. ಮಗನಿಗೆ ಒಂಬತ್ತು ವರ್ಷ, ಅವನ ಮೊದಲ ಮ್ಯಾಚ್. ಕಿತ್ತಳೆ ಸ್ಕಾರ್ಫ್ ಬೇಕೇ ಬೇಕು ಅಂತ ಹಟ ಮಾಡಿ ಕೊಡಿಸಿಕೊಂಡ.

ಶುರುವಿಗೆ ಮುಂಚೆ ಎಲ್ಲರ ಮುಖದಲ್ಲೂ ನಗು. ನಮ್ಮ ಹಿಂದೆ ಕೂತ ಅಜ್ಜ ಒಬ್ಬರು, ಇವತ್ತು ಗೆದ್ದರೆ ಸಾಕು ಮಗಾ, ಬೇಸಿಗೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಅನ್ನೋ ಅರ್ಥದಲ್ಲಿ ಏನೋ ಹೇಳಿ ನನ್ನ ಮಗನ ತಲೆ ಸವರಿದರು. ಅರ್ಧ ಗಂಟೆಗೆ ಅವರ ಆರ್ಚರ್ ಗೋಲ್. ಆರು ನಿಮಿಷ ಆಗಿಲ್ಲ, ಹ್ಯಾಂಡ್‌ಬಾಲ್ ಅಂತ ವಿಎಆರ್ (ವಿಡಿಯೋ ಮರುಪರಿಶೀಲನೆ) ನೋಡಿ ಪೆನಾಲ್ಟಿ, ಮೆಕಾಟಿ ಹೊಡೆದ, 0-2. ಎರಡನೇ ಅರ್ಧದಲ್ಲಿ ನಮಗೂ ಒಂದು ಪೆನಾಲ್ಟಿ, ಮಾರಿಸ್ ಹಾಕಿದ. ಆಮೇಲೆ ಇಪ್ಪತ್ತು ನಿಮಿಷ ಆ ಜಾಗ ಹೇಗೆ ಕುದಿಯಿತು ಅಂತ ಬರೆಯೋಕೆ ಬರಲ್ಲ. ತಗಡಿನ ಚಾವಣಿ ಕೆಳಗೆ ಕೂಗು ತಿರುಗಿ ತಿರುಗಿ ಬರುತ್ತದೆ, ಕೂತ ಹಲಗೆ ಅದುರುತ್ತದೆ. ಬಾಲ್ ಮೇಲೆ ಬಾಲ್ ಒಳಗೆ ಹಾಕಿದರು. ಒಂದೂ ಸೇರಲಿಲ್ಲ. 72ಕ್ಕೆ ಸೋಜಾ ಮೂರನೆಯದು ಹೊಡೆದ.

ಆಗ ಆದ ಮೌನ ನನಗೆ ಇನ್ನೂ ಕಿವಿಯಲ್ಲಿದೆ. ದೊಡ್ಡ ತಂಡದ ಹತ್ತಿರ ಸೋತಾಗ ಇವರು ಹಾಡುತ್ತಾ ಸೋಲುತ್ತಾರೆ. ಅವತ್ತು ಯಾರೂ ಹಾಡಲಿಲ್ಲ. ಅಜ್ಜ ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಗ ನನ್ನ ತೋಳು ಹಿಡಿದು, ಅಪ್ಪ ಇನ್ನೂ ಟೈಮ್ ಇದೆ ಅಲ್ವಾ ಅಂತ ಕೇಳುತ್ತಲೇ ಇದ್ದ.

ಆದರೆ ನನಗೆ ಆ ಮ್ಯಾಚ್ ಒಂದೇ ಕಾರಣ ಅಂತ ಅನ್ನಿಸಲ್ಲ. ಅದರ ಬೇರು ಡಿಸೆಂಬರ್ 16ರಲ್ಲಿದೆ.


ಗನ್ನರ್_ದಾವಣಗೆರೆ

ಲಾಕ್‌ಯರ್.


ಬೆಡ್‌ಫರ್ಡ್_ಕನ್ನಡಿಗ

ಹೌದು ಗುರು, ನಮ್ಮ ನಾಯಕ ಲಾಕ್‌ಯರ್.

ಇಂಗ್ಲೆಂಡ್‌ನಲ್ಲಿ ಶನಿವಾರ ಮೂರು ಗಂಟೆಯ ಮ್ಯಾಚ್‌ಗಳು ಟಿವಿಯಲ್ಲಿ ಬರುವುದಿಲ್ಲ. ನೀವೆಲ್ಲ ಬೆಂಗಳೂರಲ್ಲಿ ಕೂತು ಲೈವ್ ನೋಡುತ್ತೀರಿ, ಲೂಟನ್‌ನಿಂದ ಇಪ್ಪತ್ತು ಮೈಲಿ ದೂರದಲ್ಲಿರುವ ನಾನು ರೇಡಿಯೋ ಕೇಳಬೇಕು. ಅವತ್ತೂ ಹಾಗೇ. ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದೆ. ಬೋರ್ನ್‌ಮತ್‌ನಲ್ಲಿ 1-1. ಅವರ ಸೊಲಾಂಕೆ ಸಮ ಮಾಡಿದ್ದು ಆಗಷ್ಟೇ. ಇದ್ದಕ್ಕಿದ್ದಂತೆ ಕಾಮೆಂಟರಿಯವರ ದನಿ ಇಳಿಯಿತು. ಲಾಕ್‌ಯರ್ ಬಿದ್ದಿದ್ದಾನೆ, ಹತ್ತಿರ ಯಾರೂ ಇರಲಿಲ್ಲ, ಬಾಲೂ ಇರಲಿಲ್ಲ ಅಂದರು. ಮೇ ತಿಂಗಳಲ್ಲಿ ನಮ್ಮನ್ನು ಪ್ರೀಮಿಯರ್ ಲೀಗ್‌ಗೆ ತಂದ ವೆಂಬ್ಲಿ ಫೈನಲ್‌ನಲ್ಲೂ ಹೀಗೇ ಬಿದ್ದಿದ್ದನಲ್ಲ, ಅದು ನೆನಪಾಗಿ ಕೈ ಹಾಗೇ ನಿಂತಿತು. ಕೋಚ್ ರಾಬ್ ಎಡ್ವರ್ಡ್ಸ್ ಮೈದಾನದೊಳಗೆ ಓಡಿದರು ಅಂದರು. ಆಮೇಲೆ ಜನ ಅವನ ಹೆಸರು ಹಾಡುವುದು ರೇಡಿಯೋದಲ್ಲಿ ಕೇಳಿಸಿತು. ಎರಡೂ ಕಡೆಯವರು ಹಾಡುತ್ತಿದ್ದರು. ಹಿಟ್ಟು ಕೈಯಲ್ಲೇ ಒಣಗಿತ್ತು.

ಹೃದಯ ನಿಂತಿತ್ತು ಅವನದ್ದು. ಮೈದಾನದಲ್ಲೇ ಚಿಕಿತ್ಸೆ ಕೊಟ್ಟು ಉಳಿಸಿದರು. ಎದೆಯೊಳಗೆ ಒಂದು ಯಂತ್ರ ಇಟ್ಟು ಮನೆಗೆ ಕಳಿಸಿದರು. ಜೀವ ಉಳಿಯಿತು, ಅದಕ್ಕಿಂತ ದೊಡ್ಡದು ಇನ್ನೇನೂ ಇಲ್ಲ. ಫುಟ್‌ಬಾಲ್ ಮಾತು ಆಮೇಲೆ.

ಆದರೆ ಫುಟ್‌ಬಾಲ್ ಮಾತೂ ಆಡಬೇಕಲ್ಲ. ಅವನು ಬರೀ ಸೆಂಟರ್ ಬ್ಯಾಕ್ (ಹಿಂದಿನ ಸಾಲಿನ ಮಧ್ಯದ ಡಿಫೆಂಡರ್) ಅಲ್ಲ, ನಾಯಕ. ಸೆಪ್ಟೆಂಬರ್ 30ಕ್ಕೆ ಎವರ್ಟನ್‌ನಲ್ಲಿ ಮೊದಲ ಗೆಲುವು ಬಂತಲ್ಲ, ಅದರ ಮೊದಲ ಗೋಲ್ ಅವನದ್ದು. ಹಿಂದೆ ಮೂರು ಜನ ನಿಲ್ಲುವ ಪದ್ಧತಿಯಲ್ಲಿ ಮಧ್ಯದವನು ಅವನು. ಯಾರು ಮುಂದೆ ಹೋಗಬೇಕು, ಯಾರು ನಿಲ್ಲಬೇಕು ಅಂತ ಕೂಗಿ ಹೇಳುವವನು ಅವನು. ಎಡ್ವರ್ಡ್ಸ್ ಅವರ ತಂಡ ಒಬ್ಬೊಬ್ಬರನ್ನು ಒಬ್ಬೊಬ್ಬರು ಬೆನ್ನಟ್ಟಿ ಹಿಡಿಯುತ್ತಿತ್ತು. ಹಿಂದೆ ಒಬ್ಬ ತಪ್ಪಿದರೆ ಇಡೀ ಗೋಡೆ ಬೀಳುತ್ತದೆ. ಅವನು ಬಿದ್ದ ಮೇಲೆ ಮೊದಲ ಆರು ವಾರ ಎಲ್ಲರೂ ಅವನಿಗಾಗಿ ಅಂತ ಮೈ ಮುರಿದು ಆಡಿದರು, ನ್ಯೂಕಾಸಲ್ ಗೆಲುವು, ಶೆಫೀಲ್ಡ್ ಗೆಲುವು, ಬ್ರೈಟನ್ ಗೆಲುವು ಎಲ್ಲ ಆಗಲೇ. ಆದರೆ ಮನಸ್ಸಿನ ಬಲ ಎಷ್ಟು ದಿನ ಕಾಲನ್ನು ಎಳೆದೀತು.


ಆಸ್ಟಿನ್‌ಟೌನ್_ಎಡಗಾಲು

ಇದಕ್ಕೇ ನಾನು ದುಡ್ಡು ಅಂದದ್ದು ಸಾರ್. ಲಾಕ್‌ಯರ್ ಹೋದ, ಆಂಡರ್ಸನ್ ಎಷ್ಟೋ ತಿಂಗಳು ಇಲ್ಲ, ಮಧ್ಯದಲ್ಲಿ ನಕಾಂಬ ನವೆಂಬರ್‌ನಲ್ಲೇ ಮೊಣಕಾಲು ಹಾಳು ಮಾಡಿಕೊಂಡ, ಮುಂದಿನ ಸಾಲಿನ ಅಡೆಬಾಯೊಗೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂದಿನ ಸ್ನಾಯು) ಗಾಯ. ಜನವರಿಯಲ್ಲಿ ತಂದದ್ದು ಹಶಿಯೊಕಾ. ಒಳ್ಳೆ ಹುಡುಗ, ಓಡುತ್ತಾನೆ, ಆದರೆ ಪಾಪ ಏಪ್ರಿಲ್‌ನಲ್ಲಿ ಆರ್ಸೆನಲ್ ಹತ್ತಿರ ಅವನ ಕಾಲಿಂದ ತಮ್ಮ ಗೋಲಿಗೇ ಒಂದು, ಹತ್ತು ದಿನ ಆದ ಮೇಲೆ ಸಿಟಿ ಹತ್ತಿರ ಎರಡನೇ ನಿಮಿಷಕ್ಕೆ ಇನ್ನೊಂದು. ಮಾಲೀಕರು ಹಳೆ ಗಾಯ ನೆನೆದು ಹೆದರಿದರು ಅಂತ ಒಪ್ಪುತ್ತೇನೆ. ಆದರೆ ಜನವರಿಯಲ್ಲಿ ಒಬ್ಬ ಅನುಭವಿ ಸೆಂಟರ್ ಬ್ಯಾಕ್ ತಂದಿದ್ದರೆ ಕ್ಲಬ್ ದಿವಾಳಿ ಆಗುತ್ತಿರಲಿಲ್ಲ. ಹೊಸ ಸ್ಟೇಡಿಯಂ ಗೋಡೆ ಒಂದು ತಿಂಗಳು ತಡವಾಗಿ ಏಳುತ್ತಿತ್ತು, ಅಷ್ಟೇ.


ಟೋಪಿ_ತಂಡ

ಇದು ನನಗೆ ನಾಟಿತು. ಬೇಸಿಗೆಯ ಖರೀದಿ ಬಗ್ಗೆ ನಾನು ಇನ್ನೂ ಕ್ಲಬ್ ಪರವೇ. ಆದರೆ ಜನವರಿ ಬಗ್ಗೆ ನೀವು ಹೇಳಿದ್ದು ಸರಿ. ನಾಯಕ ಬರುವುದಿಲ್ಲ ಅಂತ ಡಿಸೆಂಬರ್‌ನಲ್ಲೇ ಗೊತ್ತಿತ್ತು.

ಮಾರ್ಚ್ 13 ನೆನಪಾಗುತ್ತಿದೆ. ನಿಂತುಹೋದ ಆ ಬೋರ್ನ್‌ಮತ್ ಮ್ಯಾಚ್ ಮೊದಲಿಂದ ಮತ್ತೆ ಆಡಿದ ರಾತ್ರಿ. ನಮಗೆ ಇಲ್ಲಿ ಒಂದು ಗಂಟೆಗೆ ಶುರು. ಚಾಂಗ್, ಓಗ್ಬೆನೆ, ಬಾರ್ಕ್ಲಿ. 3-0. ಮಧ್ಯಂತರದಲ್ಲಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳಿಗೆ ಲಾಕ್‌ಯರ್ ಕತೆ ಗೊತ್ತು, ಎದ್ದು ಬಂದು ಪಕ್ಕ ಕೂತಳು. ಐವತ್ತನೇ ನಿಮಿಷಕ್ಕೆ ಸೊಲಾಂಕೆ. 62, 64ಕ್ಕೆ ಎರಡು, ಸಮ. ನಮ್ಮ ಹಿಂದಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೂಗಿ ಹೇಳುವವರು ಯಾರೂ ಇರಲಿಲ್ಲ. 83ಕ್ಕೆ ಸೆಮೆನ್ಯೊ. ಲಾಕ್‌ಯರ್ ಬಿದ್ದ ಅದೇ ಮೈದಾನದಲ್ಲಿ ಅವನ ಜಾಗ ಖಾಲಿ ಇರುವುದು ಕಣ್ಣಿಗೆ ಕಂಡಿತು. ನಾನು ಇದನ್ನು ಕೊನೆ ನಿಮಿಷದ ಲೆಕ್ಕಕ್ಕೆ ಹಾಕಿದ್ದೇ ತಪ್ಪು.


ನಡುರಾತ್ರಿ_ಕಾಫಿ

ಆ ರಾತ್ರಿ ನಾನೂ ನೋಡಿದೆ. ಬೆಳಿಗ್ಗೆ ಆರಕ್ಕೆ ಡ್ಯೂಟಿ ಇತ್ತು, ಮಲಗಲೇ ಇಲ್ಲ.

ನನ್ನ ಕಡೆಯಿಂದ ಇನ್ನೊಂದು ಮ್ಯಾಚ್ ಸೇರಿಸಿ. ಅಕ್ಟೋಬರ್ 7, ಸ್ಪರ್ಸ್. ಮೊದಲ ಅರ್ಧದಲ್ಲೇ ಅವರ ಬಿಸೂಮಾಗೆ ಕೆಂಪು ಕಾರ್ಡ್. ಹತ್ತು ಜನರ ಮೇಲೆ ಇಡೀ ಎರಡನೇ ಅರ್ಧ ಆಡಿ 0-1 ಸೋತೆವು. ಅವತ್ತು ಅಡೆಬಾಯೊ ಹತ್ತಿರದಿಂದ ಬಿಟ್ಟ ಚಾನ್ಸ್ ಇನ್ನೂ ಕಣ್ಣ ಮುಂದೆ ಬರುತ್ತದೆ. ಆದರೂ ಅವನ ಮೇಲೆ ಸಿಟ್ಟು ಇಲ್ಲ. ಸೀಸನ್‌ಗೆ 10 ಗೋಲ್ ಅವನದ್ದು, 11 ಮಾರಿಸ್‌ದು. ಕೆಳಗೆ ಹೋದ ತಂಡದಲ್ಲಿ ಇಬ್ಬರು ಎರಡಂಕಿ ಮುಟ್ಟುವುದು ಸುಲಭದ ಮಾತಲ್ಲ.


ಕೂಡಿಕಳೆದು

52 ಗೋಲ್ ಹೊಡೆದ ತಂಡ ಕೆಳಗೆ ಹೋಗಬಾರದು ನಿಜವಾಗಿ. ಎವರ್ಟನ್ ಹೊಡೆದದ್ದು 40, ಅವರು ಎಷ್ಟೋ ಮೇಲೆ. ಎಲ್ಲ ಹಿಂದಿನ ಸಾಲಿನಲ್ಲೇ ಹೋಯಿತು.


ಟೋಪಿ_ತಂಡ
4 ಮೇ 2025

ಒಂದು ವರ್ಷ ಆದ ಮೇಲೆ ಈ ಚರ್ಚೆ ಮತ್ತೆ ತೆಗೆಯುತ್ತಿದ್ದೇನೆ. ನಿನ್ನೆ ವೆಸ್ಟ್ ಬ್ರಾಮ್ ಹತ್ತಿರ 3-5 ಸೋತು ಎರಡನೇ ಹಂತದ ಚಾಂಪಿಯನ್‌ಶಿಪ್‌ನಿಂದಲೂ ಕೆಳಗೆ ಬಂದೆವು. ಒಂದರ ಹಿಂದೆ ಒಂದು, ಎರಡು ಇಳಿತ. ಎಡ್ವರ್ಡ್ಸ್ ಜನವರಿಯಲ್ಲೇ ಹೋದರು. ನಾನು ಮೊದಲು ನೋಡಿದ ಮೂರನೇ ಡಿವಿಷನ್‌ಗೇ ವಾಪಸ್. ಅತ್ತ ಪ್ರೀಮಿಯರ್ ಲೀಗ್‌ನಲ್ಲಿ ಈ ವರ್ಷವೂ ಮೇಲೆ ಬಂದ ಮೂರೂ ತಂಡ, ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್, ಹಾಗೇ ಕೆಳಗೆ. ಎಡಗಾಲು, ನಿಮ್ಮ ಕಂದಕದ ಮಾತು ನೆನಪಾಯಿತು.


ಆಸ್ಟಿನ್‌ಟೌನ್_ಎಡಗಾಲು

ಸರಿ ಹೇಳಿದ್ದೆ ಅಂತ ಖುಷಿ ಇಲ್ಲ ಸಾರ್. ಹೊಸ ಸ್ಟೇಡಿಯಂ ಏನಾಯಿತು?


ಟೋಪಿ_ತಂಡ

ಪವರ್ ಕೋರ್ಟ್‌ಗೆ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು, 25,000 ಜನರ ಜಾಗ. ಓಕ್ ರೋಡ್‌ನ ಆ ಮನೆಗಳ ನಡುವಿನ ಬಾಗಿಲು ಇನ್ನು ಕೆಲವು ವರ್ಷ ಅಷ್ಟೇ. ಅದು ಮುಚ್ಚುವುದರೊಳಗೆ ಒಮ್ಮೆ ಹೋಗಬೇಕು ಅಂತಿದೆ. ಬೆಡ್‌ಫರ್ಡ್ ಅವರೇ, ಮಗ ಈಗಲೂ ನೋಡುತ್ತಾನಾ?


ಬೆಡ್‌ಫರ್ಡ್_ಕನ್ನಡಿಗ

ನೋಡುತ್ತಾನೆ. ನಿನ್ನೆ ಸ್ಕೋರ್ ಕೇಳಿ ಊಟ ಬಿಟ್ಟು ಎದ್ದು ಹೋದ. ಆಮೇಲೆ ರಾತ್ರಿ ಬಂದು ಕೇಳಿದ, ಅಪ್ಪ, ಕೆಳಗಿನ ಲೀಗ್ ಅಂದರೆ ಟಿಕೆಟ್ ಸಿಗೋದು ಸುಲಭ ಆಗುತ್ತಾ ಅಂತ. ಆಗುತ್ತೆ ಅಂದೆ. ನೀವು ಬರುವುದಾದರೆ ಒಂದು ತಿಂಗಳು ಮೊದಲು ತಿಳಿಸಿ, ಮೂರು ಸೀಟು ಒಟ್ಟಿಗೆ ತೆಗೆಯುತ್ತೇನೆ.